ಜೇಡಿಮಣ್ಣು ಎಷ್ಟು ಕೂರುತ್ತದೆ, ಎಷ್ಟು ವರ್ಷಕ್ಕೆ ಕೂರುತ್ತದೆ? ಕನ್ಸಾಲಿಡೇಷನ್ ಟೆಸ್ಟ್‌ನ ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಹೊಳೆ ದಾಟುವ ಸೇತುವೆ ಹತ್ತಿರ ಬಂದಾಗ ಗಾಡಿ ಒಮ್ಮೆ ಧಡಕ್ಕನೆ ಎತ್ತಿ ಹಾಕುವುದುಂಟು. ಸೇತುವೆ ಪೈಲ್‌ಗಳ ಮೇಲೆ ನಿಂತಿರುತ್ತದೆ, ಪೈಲ್‌ಗಳು ಗಟ್ಟಿ ಪದರದವರೆಗೆ ಇಳಿದಿರುತ್ತವೆ. ಹಾಗಾಗಿ ಅದು ಕದಲುವುದಿಲ್ಲ. ಅದಕ್ಕೆ ಸೇರುವ ಏರುರಸ್ತೆ ಮಾತ್ರ ಮಣ್ಣು ತುಂಬಿದ ದಿಬ್ಬದ ಮೇಲಿರುತ್ತದೆ. ದಿಬ್ಬದ ಕೆಳಗೆ ಹೊಳೆಬಾಯಿಯ ಮೆತ್ತನೆ ಜೇಡಿ ಇದ್ದರೆ, ದಿಬ್ಬ ವರ್ಷಗಟ್ಟಲೆ ನಿಧಾನವಾಗಿ ಕೂರುತ್ತಾ ಹೋಗುತ್ತದೆ. ಟಾರು ಎಷ್ಟು ಸಲ ಹಾಕಿದರೂ ಆ ಮೆಟ್ಟಿಲು ಮತ್ತೆ ಬರುತ್ತದೆ.

ಜನ ರಸ್ತೆ ಕಳಪೆ ಅಂತ ಬೈಯುತ್ತಾರೆ. ರಸ್ತೆ ಚೆನ್ನಾಗಿಯೇ ಇರಬಹುದು. ಅದರ ಕೆಳಗಿನ ಜೇಡಿಯಿಂದ ನೀರು ಇನ್ನೂ ಪೂರ್ತಿ ಹೊರಗೆ ಬಂದಿಲ್ಲ, ಅಷ್ಟೆ.

ಈ ಬರಹ ಡಿಪ್ಲೊಮಾ, ಬಿ.ಇ. ಓದುತ್ತಿರುವವರಿಗೆ ಮತ್ತು ಸೈಟ್‌ನಲ್ಲಿ ಸಾಯಿಲ್ ರಿಪೋರ್ಟ್ ಕೈಗೆ ಬಂದಾಗ ಅದನ್ನು ಓದಬೇಕಾದವರಿಗೆ. ಎರಡು ಪ್ರಶ್ನೆಗಳನ್ನು ಮೊದಲಿಂದಲೇ ಬೇರೆ ಬೇರೆ ಇಟ್ಟುಕೊಳ್ಳಿ. ನೆಲ ಎಷ್ಟು ಕೂರುತ್ತದೆ ಎಂಬುದು ಒಂದು. ಎಷ್ಟು ಕಾಲದಲ್ಲಿ ಕೂರುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಲ್ಯಾಬ್ ಸಾಕಷ್ಟು ಒಳ್ಳೆಯ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಲ್ಯಾಬ್ ಅರ್ಧ ಉತ್ತರ ಕೊಡುತ್ತದೆ. ಉಳಿದ ಅರ್ಧ ಬೋರ್‌ಹೋಲ್‌ನಲ್ಲಿ, ನೀರು ಯಾವ ಕಡೆ ಹೊರಹೋಗುತ್ತದೆ ಎಂಬುದರಲ್ಲಿ ಇರುತ್ತದೆ.

ಮೊದಲು ಸಿದ್ಧಾಂತ

ನೀರಿನಿಂದ ಪೂರ್ತಿ ತುಂಬಿದ ಜೇಡಿಯ ಮೇಲೆ ಭಾರ ಹಾಕಿದಿರಿ ಅಂದುಕೊಳ್ಳಿ. ಕಣಗಳು ಕುಗ್ಗುವುದಿಲ್ಲ, ನೀರೂ ಕುಗ್ಗುವುದಿಲ್ಲ. ಕುಗ್ಗಬೇಕಾದರೆ ನೀರು ಹೊರಗೆ ಹೋಗಬೇಕು. ಜೇಡಿಯ ರಂಧ್ರಗಳು ತೀರಾ ಸಣ್ಣವು, ನೀರು ಬೇಗ ಹೋಗಲಾರದು. ಆದ್ದರಿಂದ ಮೊದಲ ಕ್ಷಣದಲ್ಲಿ ಅಷ್ಟೂ ಭಾರವನ್ನು ನೀರೇ ಹೊರುತ್ತದೆ. ರಂಧ್ರದ ನೀರಿನ ಒತ್ತಡ, ಅಂದರೆ ಪೋರ್ ಪ್ರೆಶರ್, ಅಷ್ಟು ಏರುತ್ತದೆ. ಆಮೇಲೆ ನೀರು ಹನಿಹನಿಯಾಗಿ ಮರಳಿನ ಪದರದ ಕಡೆಗೋ ಮೇಲ್ಮೈ ಕಡೆಗೋ ಜಾರುತ್ತದೆ. ನೀರು ಬಿಟ್ಟುಕೊಟ್ಟ ಭಾರವನ್ನು ಕಣಗಳ ಹಂದರ ತೆಗೆದುಕೊಳ್ಳುತ್ತದೆ. ಕಣಗಳು ಹತ್ತಿರ ಬರುತ್ತವೆ, ನೆಲ ಕೂರುತ್ತದೆ. ಇದೇ ಕನ್ಸಾಲಿಡೇಷನ್.

ಇದನ್ನು ಲೆಕ್ಕಕ್ಕೆ ಇಳಿಸಿದವರು ಕಾರ್ಲ್ ಟೆರ್ಝಾಘಿ. ಪ್ರಾಗ್‌ನಲ್ಲಿ ಹುಟ್ಟಿದ ಈ ಎಂಜಿನಿಯರ್ ಮೊದಲ ಮಹಾಯುದ್ಧದ ಕಾಲದಿಂದ ಇಸ್ತಾಂಬುಲ್‌ನಲ್ಲಿ ಪಾಠ ಮಾಡುತ್ತಾ, ಕೈಗೆ ಸಿಕ್ಕ ಸಾಮಾನಿನಲ್ಲೇ ಉಪಕರಣ ಮಾಡಿಕೊಂಡು ಜೇಡಿಯನ್ನು ಒತ್ತಿ ನೋಡಿದರು. 1923ರಲ್ಲಿ ಕನ್ಸಾಲಿಡೇಷನ್ ಸಮೀಕರಣ ಪ್ರಕಟವಾಯಿತು. ಒಟ್ಟು ಒತ್ತಡದಲ್ಲಿ ನೀರಿನ ಒತ್ತಡ ಕಳೆದರೆ ಉಳಿಯುವುದು ಎಫೆಕ್ಟಿವ್ ಸ್ಟ್ರೆಸ್. ಮಣ್ಣು ಕುಗ್ಗುವುದು, ಗಟ್ಟಿಯಾಗುವುದು ಎಲ್ಲವೂ ಅದರ ಮೇಲೆ ನಿಂತಿದೆ ಎಂಬ ತತ್ವ ಇದರ ಬುನಾದಿ.

ಸಮೀಕರಣ ಹೇಳುವುದು ಇಷ್ಟು. ಒಂದು ಆಳದಲ್ಲಿ ನೀರಿನ ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎಂಬುದು, ಆಳದ ಜೊತೆ ಆ ಒತ್ತಡದ ಗೆರೆ ಎಷ್ಟು ಬಾಗಿದೆ ಎಂಬುದರ ಮೇಲೆ ನಿಂತಿದೆ. ಬಿಸಿ ಕಬ್ಬಿಣ ಆರುವುದಕ್ಕೂ ಇದೇ ಗಣಿತ. ಮಧ್ಯೆ ಬರುವ ಗುಣಾಂಕವೇ ಸಿವಿ, ಕೋಎಫಿಷಿಯೆಂಟ್ ಆಫ್ ಕನ್ಸಾಲಿಡೇಷನ್. ನೀರು ಹರಿಯುವ ಸುಲಭತೆಯನ್ನು, ಅಂದರೆ ಪರ್ಮಿಯಬಿಲಿಟಿಯನ್ನು, ಮಣ್ಣು ಕುಗ್ಗುವ ಗುಣ ಮತ್ತು ನೀರಿನ ಯೂನಿಟ್ ವೆಯ್ಟ್ ಎರಡರ ಗುಣಲಬ್ಧದಿಂದ ಭಾಗಿಸಿದರೆ ಸಿವಿ ಬರುತ್ತದೆ.

ಇನ್ನೊಂದು ಸೂತ್ರ ಬಾಯಿಪಾಠ ಇರಲೇಬೇಕು:

ಟೈಮ್ ಫ್ಯಾಕ್ಟರ್ = ಸಿವಿ × ಕಾಲ ÷ (ನೀರು ಹೋಗಬೇಕಾದ ಅತಿ ಉದ್ದದ ದಾರಿಯ ವರ್ಗ)

50 ಶೇಕಡಾ ಕೂರುವುದಕ್ಕೆ ಟೈಮ್ ಫ್ಯಾಕ್ಟರ್ 0.197. 90 ಶೇಕಡಾಕ್ಕೆ 0.848. ದಾರಿಯ ಉದ್ದ ಇಲ್ಲಿ ವರ್ಗವಾಗಿ ಬರುತ್ತದೆ, ಅದನ್ನು ಗಮನಿಸಿ. ದಾರಿ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು. ಮೇಲೂ ಕೆಳಗೂ ಮರಳಿದ್ದರೆ ದಾರಿ ಪದರದ ಅರ್ಧ ದಪ್ಪ. ಒಂದೇ ಕಡೆ ಮರಳಿದ್ದರೆ ಪೂರ್ತಿ ದಪ್ಪ.

ಟೆರ್ಝಾಘಿ ಕೆಲವು ವಿಷಯಗಳನ್ನು ಹಿಡಿದುಕೊಂಡು ಹೊರಟಿದ್ದರು. ಮಣ್ಣು ಪೂರ್ತಿ ನೀರು ತುಂಬಿರಬೇಕು, ನೀರು ಮೇಲೆ ಕೆಳಗೆ ಮಾತ್ರ ಹರಿಯಬೇಕು, ಪರ್ಮಿಯಬಿಲಿಟಿ ಮತ್ತು ಕುಗ್ಗುವ ಗುಣ ಬದಲಾಗಬಾರದು, ಕುಗ್ಗುವುದು ಸ್ವಲ್ಪವೇ ಇರಬೇಕು. ನಿಜವಾದ ಮೆತ್ತನೆ ಜೇಡಿ ಇವುಗಳಲ್ಲಿ ಕೊನೆಯ ಎರಡನ್ನಂತೂ ಪಾಲಿಸುವುದಿಲ್ಲ. ಅದಕ್ಕೇ ಟೆಸ್ಟ್‌ನಲ್ಲಿ ಒಂದೊಂದೇ ಹಂತವಾಗಿ ಭಾರ ಏರಿಸಿ, ಪ್ರತಿ ಹಂತಕ್ಕೂ ಬೇರೆ ಸಿವಿ ತೆಗೆಯುತ್ತೇವೆ.

ಹಂತ 1: ಸ್ಯಾಂಪಲ್

ಟೆಸ್ಟ್ ಕೆಡುವುದು ಲ್ಯಾಬ್‌ಗಿಂತ ಜಾಸ್ತಿ ಬೋರ್‌ಹೋಲ್‌ನಲ್ಲಿ. ಕಲಕಿದ ಸ್ಯಾಂಪಲ್ ಮೇಲೆ ಎಷ್ಟು ನಾಜೂಕಾಗಿ ಟೆಸ್ಟ್ ಮಾಡಿದರೂ ಪ್ರಯೋಜನವಿಲ್ಲ. ಎಸ್‌ಪಿಟಿ (ಸುತ್ತಿಗೆಯಿಂದ ಹೊಡೆದು ಇಳಿಸುವ ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್) ಮಾಡಿದಾಗ ಸ್ಪ್ಲಿಟ್ ಸ್ಪೂನ್ ಎಂಬ ದಪ್ಪ ಕೊಳವೆಯಲ್ಲಿ ಬರುವ ಮಣ್ಣು ಗುರುತು ಹಿಡಿಯಲಿಕ್ಕೆ ಸರಿ, ಕನ್ಸಾಲಿಡೇಷನ್‌ಗೆ ಬೇಡವೇ ಬೇಡ. ತೆಳು ಗೋಡೆಯ ಟ್ಯೂಬ್ ಬೇಕು. ಟ್ಯೂಬಿನ ಹೊರವ್ಯಾಸದ ವರ್ಗದಿಂದ ಒಳವ್ಯಾಸದ ವರ್ಗ ಕಳೆದು, ಒಳವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಏರಿಯಾ ರೇಶಿಯೋ ಸುಮಾರು 10 ಶೇಕಡಾ ದಾಟಬಾರದು. ತೀರಾ ಮೆತ್ತನೆ ಮಣ್ಣಿಗೆ ಪಿಸ್ಟನ್ ಸ್ಯಾಂಪ್ಲರ್ ಇದ್ದರೆ ಒಳ್ಳೆಯದು.

ಟ್ಯೂಬನ್ನು ಹೊಡೆದು ಇಳಿಸಬೇಡಿ, ಒಂದೇ ಸಮನೆ ಒತ್ತಿ ಇಳಿಸಿ. ಮೇಲೆ ತಂದ ತಕ್ಷಣ ಎರಡೂ ತುದಿಗೆ ಮೇಣ ಹಾಕಿ ಮುಚ್ಚಿ. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ, ಸುತ್ತ ಮರದ ಹೊಟ್ಟೋ ಫೋಮೋ ತುಂಬಿ. ಜೀಪಿನ ಹಿಂದೆ ಉರುಳಾಡುತ್ತಾ ಬಂದ ಟ್ಯೂಬಿನಿಂದ ಮಣ್ಣಿನ ಹಳೆಯ ನೆನಪು ಅಳಿಸಿಹೋಗಿರುತ್ತದೆ. ಆ ನೆನಪಿನ ವಿಷಯ 6ನೇ ಹಂತದಲ್ಲಿ ಬರುತ್ತದೆ.

ಬೋರ್‌ಲಾಗ್ ಬರೆಯುವವರಿಗೆ ಒಂದು ಕೋರಿಕೆ. ಜೇಡಿಯ ನಡುವೆ ಬೆರಳಿನ ದಪ್ಪದ ಮರಳಿನ ಎಳೆ ಕಂಡರೂ ಅದನ್ನು ಬರೆಯಿರಿ. ಅಗಲಕ್ಕೆ ಹರಡಿರುವ ಎಳೆಯಾದರೆ ಅದು ನೀರಿಗೆ ಹೊರದಾರಿ. ಅದೊಂದು ಸಾಲು ಲೆಕ್ಕದಲ್ಲಿ ವರ್ಷಗಳನ್ನೇ ಬದಲಿಸುತ್ತದೆ.

ಹಂತ 2: ರಿಂಗ್‌ಗೆ ಹಾಕುವುದು

ನಮ್ಮಲ್ಲಿ ಅನುಸರಿಸುವುದು ಭಾರತೀಯ ಮಾನಕ (ಐಎಸ್) 2720 ಭಾಗ 15. ಸಾಮಾನ್ಯವಾಗಿ ಮಣ್ಣು ಹಿಡಿಯುವ ಲೋಹದ ರಿಂಗ್ 60 ಮಿ.ಮೀ. ವ್ಯಾಸ, 20 ಮಿ.ಮೀ. ಎತ್ತರ. ವ್ಯಾಸ ಎತ್ತರದ ಮೂರು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ರಿಂಗಿನ ಗೋಡೆಯ ಘರ್ಷಣೆಯೇ ಭಾರದ ಒಂದು ಪಾಲು ನುಂಗಿಬಿಡುತ್ತದೆ. ಒಳಗೋಡೆಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ.

ಟ್ಯೂಬಿನ ತುದಿಯ ಮಣ್ಣು ಬಿಡಿ, ನಡುವಿನದನ್ನು ತೆಗೆದುಕೊಳ್ಳಿ. ರಿಂಗಿನ ಚೂಪು ಅಂಚನ್ನು ಮಣ್ಣಿನ ಮೇಲಿಟ್ಟು, ಸುತ್ತಲಿನ ಮಣ್ಣನ್ನು ತಂತಿಗರಗಸದಿಂದ ಸ್ವಲ್ಪಸ್ವಲ್ಪವೇ ಸವರುತ್ತಾ ರಿಂಗನ್ನು ಇಳಿಸಿ. ಮೇಲೆ ಕೆಳಗೆ ಸಮ ಮಾಡುವಾಗ ಚಾಕುವನ್ನು ಮಣ್ಣಿನ ಮೇಲೆ ಹಿಂದೆ ಮುಂದೆ ಸವರಬೇಡಿ. ಹಾಗೆ ಸವರಿದರೆ ಮೇಲ್ಮೈ ನುಣುಪಾಗಿ ರಂಧ್ರಗಳು ಮುಚ್ಚಿಹೋಗುತ್ತವೆ, ನೀರು ಹೋಗುವ ಬಾಗಿಲನ್ನೇ ನೀವು ಮುಚ್ಚಿದ ಹಾಗೆ. ಚಿಪ್ಪೋ ಕಲ್ಲೋ ಸಿಕ್ಕಿ ಗುಳಿ ಬಿದ್ದರೆ ಆ ಸ್ಯಾಂಪಲ್ ಬಿಟ್ಟು ಬೇರೆ ಮಾಡಿ.

ರಿಂಗ್ ಸಮೇತ ತೂಕ ಬರೆದುಕೊಳ್ಳಿ. ಸವರಿದ ಮಣ್ಣನ್ನು ಎಸೆಯಬೇಡಿ. ನೀರಿನಂಶ, ಲಿಕ್ವಿಡ್ ಲಿಮಿಟ್ (ಮಣ್ಣು ದ್ರವದಂತೆ ಹರಿಯತೊಡಗುವ ನೀರಿನಂಶ), ಸ್ಪೆಸಿಫಿಕ್ ಗ್ರಾವಿಟಿ ಮೂರಕ್ಕೂ ಅದೇ ಬೇಕು.

ಹಂತ 3: ಉಪಕರಣ ಜೋಡಿಸುವುದು

ಪೋರಸ್ ಸ್ಟೋನ್‌ಗಳನ್ನು, ಅಂದರೆ ನೀರು ಹಾದುಹೋಗುವ ಕಲ್ಲಿನ ಬಿಲ್ಲೆಗಳನ್ನು, ನೀರಿನಲ್ಲಿ ಕುದಿಸಿ, ಗಾಳಿ ಪೂರ್ತಿ ತೆಗೆಯಿರಿ. ಒದ್ದೆ ಫಿಲ್ಟರ್ ಪೇಪರ್ ಇಟ್ಟು, ಕೆಳಗೊಂದು ಮೇಲೊಂದು ಕಲ್ಲು ಇಟ್ಟು, ಲೋಡಿಂಗ್ ಪ್ಯಾಡ್ ಕೂರಿಸಿ. ಇವೆಲ್ಲ ಕೂರುವ ಪಾತ್ರೆಯನ್ನು, ಅಂದರೆ ಸೆಲ್ ಅನ್ನು, ಲೋಡಿಂಗ್ ಫ್ರೇಮ್‌ಗೆ ಏರಿಸಿ, ಲಿವರ್ ಮಟ್ಟವಾಗಿದೆಯೇ ನೋಡಿ. ಡಯಲ್ ಗೇಜ್ 0.002 ಮಿ.ಮೀ. ಓದುವಂಥದ್ದು ಇರಲಿ. ಅದರ ಮುಳ್ಳಿಗೆ ಕೆಳಗೆ ಹೋಗಲು ಸಾಕಷ್ಟು ಜಾಗವೂ ಇರಬೇಕು, ಮೆತ್ತನೆ ಜೇಡಿ ಒಟ್ಟು 5–6 ಮಿ.ಮೀ. ಕುಗ್ಗಬಹುದು. ಫ್ರೇಮ್, ಕಲ್ಲು, ಪೇಪರ್ ಕೂಡ ಸ್ವಲ್ಪ ಕುಗ್ಗುತ್ತವೆ. ಮಣ್ಣಿನ ಬದಲು ಉಕ್ಕಿನ ಬಿಲ್ಲೆ ಇಟ್ಟು ಒಮ್ಮೆ ಎಲ್ಲ ಭಾರಕ್ಕೂ ಓದಿಟ್ಟುಕೊಂಡರೆ ಆ ಪಾಲನ್ನು ಕಳೆಯಬಹುದು.

5 ಕಿಲೋಪಾಸ್ಕಲ್‌ನಷ್ಟು ಸಣ್ಣ ಸೀಟಿಂಗ್ ಭಾರ ಹಾಕಿ, ಸೆಲ್‌ಗೆ ನೀರು ತುಂಬಿಸಿ. ಕಡಲ ಜೇಡಿಯಾದರೆ ಸಿಹಿನೀರಿಗಿಂತ, ಅದರ ರಂಧ್ರದ ನೀರಿನಷ್ಟೇ ಉಪ್ಪಿರುವ ನೀರು ಒಳ್ಳೆಯದು. ಉಪ್ಪು ತೊಳೆದುಹೋದರೆ ಜೇಡಿಯ ನಡತೆ ಬದಲಾಗುತ್ತದೆ.

ವಿಜಯಪುರ, ಕಲಬುರಗಿ, ಧಾರವಾಡ ಕಡೆಯ ಎರೆಮಣ್ಣಾದರೆ ಇಲ್ಲಿ ಎಚ್ಚರ ಬೇಕು. ನೀರು ಹಾಕಿದ ಕೂಡಲೇ ಅದು ಉಬ್ಬುತ್ತದೆ. ಡಯಲ್ ಹಿಂದಕ್ಕೆ ತಿರುಗಿದರೆ ಸುಮ್ನೆ ನೋಡುತ್ತಾ ಕೂರಬೇಡಿ. ಉಬ್ಬದ ಹಾಗೆ ಸ್ವಲ್ಪಸ್ವಲ್ಪವೇ ಭಾರ ಏರಿಸಿ, ಡಯಲ್ ನಿಂತಲ್ಲಿಂದ ಟೆಸ್ಟ್ ಶುರುಮಾಡಿ. ಉಬ್ಬುವ ಒತ್ತಡವೇ ಬೇಕಾದರೆ ಅದಕ್ಕೆ ಐಎಸ್ 2720 ಭಾಗ 41 ಬೇರೆ ಇದೆ.

ಹಂತ 4: ಭಾರ ಮತ್ತು ರೀಡಿಂಗ್

ಪ್ರತಿ ಸಲ ಭಾರವನ್ನು ದುಪ್ಪಟ್ಟು ಮಾಡಿ: 12.5, 25, 50, 100, 200, 400, 800 ಕಿಲೋಪಾಸ್ಕಲ್. ಪ್ರತಿಯೊಂದೂ 24 ಗಂಟೆ ಇರಲಿ.

ತೂಕದ ಲೆಕ್ಕ ಸುಲಭ. 60 ಮಿ.ಮೀ. ವ್ಯಾಸಕ್ಕೆ ವಿಸ್ತೀರ್ಣ 28.27 ಚದರ ಸೆಂ.ಮೀ. 50 ಕಿಲೋಪಾಸ್ಕಲ್‌ಗೆ ಬೇಕಾದ ಬಲ 141 ನ್ಯೂಟನ್. ಲಿವರ್ ಅನುಪಾತ 1:10 ಇದ್ದರೆ ಹ್ಯಾಂಗರ್‌ಗೆ 1.44 ಕೆ.ಜಿ. ಸಾಕು. ಅನುಪಾತವನ್ನು ಫ್ರೇಮಿನ ಮೇಲೆ ಬರೆದದ್ದು ನೋಡಿ ನಂಬಬೇಡಿ, ಒಮ್ಮೆ ಪರೀಕ್ಷಿಸಿ.

ತೂಕ ಇಡುವಾಗ ಇಬ್ಬರಿದ್ದರೆ ಚೆಂದ. ಒಬ್ಬರು ತೂಕ ಇಡುವುದು, ಒಬ್ಬರು ಸ್ಟಾಪ್‌ವಾಚ್ ಒತ್ತಿ ಡಯಲ್ ಓದುವುದು. ತೂಕವನ್ನು ಹಾಗೇ ಬಿಡಬೇಡಿ, ಮೆಲ್ಲಗೆ ಇಡಿ. ಓದುವ ಸಮಯ ನಿಮಿಷಗಳಲ್ಲಿ ಹೀಗೆ: 0.25, 1, 2.25, 4, 6.25, 9, 12.25, 16, 20.25, 25, 36, 49, 64, 81, 100, ಹೀಗೇ 1440ರವರೆಗೆ. ಈ ವಿಚಿತ್ರ ಸಂಖ್ಯೆಗಳಿಗೆ ಕಾರಣ ಇದೆ. ಇವುಗಳ ವರ್ಗಮೂಲ 0.5, 1, 1.5, 2 ಅಂತ ಸರಿಯಾಗಿ ಬರುತ್ತದೆ, ಗ್ರಾಫ್ ಹಾಕಲು ಹಿತ. ಯಾವುದಾದರೂ ಒಂದು ತಪ್ಪಿಹೋದರೆ ಊಹಿಸಿ ಬರೆಯಬೇಡಿ. ಎಷ್ಟು ಹೊತ್ತಿಗೆ ಓದಿದಿರೋ ಅದನ್ನೇ ಬರೆಯಿರಿ, ಗ್ರಾಫ್‌ಗೆ ಅದೂ ನಡೆಯುತ್ತದೆ.

ದಿನಾ ಬೆಳಿಗ್ಗೆ 10ಕ್ಕೆ ಭಾರ ಬದಲಿಸುವ ಹಾಗೆ ಇಟ್ಟುಕೊಂಡರೆ ಮೊದಲ ಎರಡು ಗಂಟೆಯ ಒತ್ತೊತ್ತಾದ ರೀಡಿಂಗ್ ಊಟದ ಹೊತ್ತಿಗೆ ಮುಗಿಯುತ್ತದೆ. ಬೇಸಿಗೆಯಲ್ಲಿ ಸೆಲ್‌ನ ನೀರು ಆರುತ್ತದೆ, ದಿನಾ ತುಂಬಿಸಿ. ಕಿಟಕಿಯ ಬಿಸಿಲು ಬೀಳುವ ಕಡೆ, ಕಾಂಪ್ಯಾಕ್ಷನ್ ಸುತ್ತಿಗೆ ಹೊಡೆಯುವ ಮೇಜಿನ ಪಕ್ಕ ಈ ಫ್ರೇಮ್ ಇಡಲೇಬೇಡಿ.

ಕೊನೆಯ ಭಾರ ಆದಮೇಲೆ ಎರಡು ಮೂರು ಹಂತದಲ್ಲಿ, ಪ್ರತಿ ಸಲ ಕಾಲು ಭಾಗಕ್ಕೆ, ಇಳಿಸಿ. ಮಣ್ಣು ಸ್ವಲ್ಪ ಹಿಂದಕ್ಕೆ ಉಬ್ಬುತ್ತದೆ. ಆ ಗೆರೆಯೂ ಬೇಕು. ಆಮೇಲೆ ಸ್ಯಾಂಪಲ್ ತೆಗೆದು, ಮೇಲಿನ ನೀರು ಒರೆಸಿ, ತೂಗಿ, ಓವನ್‌ನಲ್ಲಿ 105 ರಿಂದ 110 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿ. ಈ ಒಣ ತೂಕ ತಪ್ಪಿದರೆ ಹತ್ತು ದಿನದ ಕೆಲಸವೆಲ್ಲ ನೀರಲ್ಲಿ ಹೋಮ. ಒಂದು ಚೂರು ಮಣ್ಣೂ ಪೇಪರ್‌ಗೆ ಅಂಟಿಕೊಂಡು ಉಳಿಯದಂತೆ ನೋಡಿ.

ಹಂತ 5: ವಾಯ್ಡ್ ರೇಶಿಯೋ ಗೆರೆ

ಇಲ್ಲಿಂದ ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಸಂಖ್ಯೆಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು, ಮೆತ್ತನೆ ಕಡಲ ಜೇಡಿಗೆ ಒಪ್ಪುವಂಥವು.

ಒಣ ತೂಕ 50 ಗ್ರಾಂ. ಸ್ಪೆಸಿಫಿಕ್ ಗ್ರಾವಿಟಿ 2.65. ಕಣಗಳನ್ನೆಲ್ಲ ಕರಗಿಸಿ ರಿಂಗ್‌ನಲ್ಲಿ ಗಟ್ಟಿ ಬಿಲ್ಲೆ ಮಾಡಿದರೆ ಅದರ ಎತ್ತರ ಎಷ್ಟಾಗುತ್ತದೆ? 50 ÷ (2.65 × 28.27) = 0.667 ಸೆಂ.ಮೀ., ಅಂದರೆ 6.67 ಮಿ.ಮೀ. ಇದು ಟೆಸ್ಟ್ ಉದ್ದಕ್ಕೂ ಬದಲಾಗದು. 20ರಲ್ಲಿ ಉಳಿದ 13.33 ಮಿ.ಮೀ. ನೀರು. ರಂಧ್ರದ ಪಾಲನ್ನು ಕಣಗಳ ಪಾಲಿನಿಂದ ಭಾಗಿಸಿದರೆ ವಾಯ್ಡ್ ರೇಶಿಯೋ, 13.33 ÷ 6.67 = 2.0. ಪ್ರತಿ ಭಾರದ ಕೊನೆಗೆ ಡಯಲ್ ಹೇಳುವ ಎತ್ತರದಿಂದ ಇದೇ ರೀತಿ ವಾಯ್ಡ್ ರೇಶಿಯೋ ತೆಗೆಯಿರಿ.

ಒಂದು ತಾಳೆ ನೋಡಿಬಿಡಿ. ಮಣ್ಣು ಪೂರ್ತಿ ನೀರು ತುಂಬಿದ್ದರೆ ನೀರಿನಂಶ 2.0 ÷ 2.65, ಅಂದರೆ ಸುಮಾರು 75 ಶೇಕಡಾ ಬರಬೇಕು. ಸವರಿದ ಮಣ್ಣಿನಲ್ಲಿ 60 ಬಂದಿದ್ದರೆ ಎಲ್ಲೋ ತಪ್ಪಿದೆ, ಅಥವಾ ಸ್ಯಾಂಪಲ್ ಒಣಗಿದೆ.

ವಾಯ್ಡ್ ರೇಶಿಯೋವನ್ನು ಒತ್ತಡದ ಲಾಗ್ ಎದುರು ಗ್ರಾಫ್ ಹಾಕಿ. ಮೊದಲು ಚಪ್ಪಟೆಯಾಗಿ ಹೋಗುವ ಗೆರೆ ಒಂದು ಕಡೆ ಬಾಗಿ, ಆಮೇಲೆ ನೇರವಾಗಿ ಕಡಿದಾಗಿ ಇಳಿಯುತ್ತದೆ. ಆ ನೇರ ಗೆರೆಯ ಇಳಿಜಾರೇ ಸಿಸಿ, ಕಂಪ್ರೆಷನ್ ಇಂಡೆಕ್ಸ್. ನಮ್ಮ ಉದಾಹರಣೆಯಲ್ಲಿ 0.7 ಅಂತಿರಲಿ. ಇಳಿಸುವಾಗಿನ ಗೆರೆಯ ಇಳಿಜಾರು ಇದರ ಒಂದು ಸಣ್ಣ ಪಾಲು ಮಾತ್ರ.

ಟೆಸ್ಟ್ ಇಲ್ಲದೆಯೂ ಸಿಸಿ ಅಂದಾಜು ಮಾಡಬಹುದು. ಲಿಕ್ವಿಡ್ ಲಿಮಿಟ್‌ನಿಂದ 10 ಕಳೆದು 0.009ರಿಂದ ಗುಣಿಸುವ ಟೆರ್ಝಾಘಿ–ಪೆಕ್ ಸೂತ್ರ ಎಲ್ಲರಿಗೂ ಗೊತ್ತಿರುವಂಥದ್ದು. ಲಿಕ್ವಿಡ್ ಲಿಮಿಟ್ 88 ಇದ್ದರೆ 0.70 ಬರುತ್ತದೆ. ಟೆಸ್ಟ್‌ನ ಉತ್ತರವನ್ನು ತಾಳೆ ನೋಡಲು ಇದು ಒಳ್ಳೆಯದು. ಟೆಸ್ಟ್ ಬದಲಿಗೆ ಬಳಸಿ ಸೇತುವೆ ಕಟ್ಟುವುದು ಒಳ್ಳೆಯದಲ್ಲ.

ಹಂತ 6: ಮಣ್ಣಿನ ನೆನಪು

ಗೆರೆ ಬಾಗುವ ಜಾಗ ಮಣ್ಣಿನ ಇತಿಹಾಸ ಹೇಳುತ್ತದೆ. ಈ ಜೇಡಿ ಹಿಂದೆಂದೋ ಹೊತ್ತ ಅತಿ ಹೆಚ್ಚಿನ ಒತ್ತಡಕ್ಕೆ ಪ್ರೀಕನ್ಸಾಲಿಡೇಷನ್ ಪ್ರೆಶರ್ ಅನ್ನುತ್ತಾರೆ. ಮೇಲೆ ಮೊದಲು ಇದ್ದು ಆಮೇಲೆ ಕೊಚ್ಚಿಹೋದ ಮಣ್ಣು, ಕೆಳಗಿಳಿದು ಮತ್ತೆ ಏರಿದ ನೀರಿನ ಮಟ್ಟ, ಬಿಸಿಲಿಗೆ ಒಣಗಿದ ಮೇಲ್ಪದರ, ಇವೆಲ್ಲ ಗುರುತು ಬಿಡುತ್ತವೆ. ಹೊಸ ಭಾರ ಈ ಮಿತಿಯೊಳಗೇ ಉಳಿದರೆ ನೆಲ ಸ್ವಲ್ಪವೇ ಕೂರುತ್ತದೆ. ದಾಟಿದರೆ ಬಹಳ ಕೂರುತ್ತದೆ.

ಅದನ್ನು ಹಿಡಿಯುವ ಕಾಸಾಗ್ರಾಂಡೆ ವಿಧಾನ 1936ರದ್ದು. ಗೆರೆ ಅತಿ ಜಾಸ್ತಿ ಬಾಗಿರುವ ಬಿಂದು ಗುರುತಿಸಿ. ಅಲ್ಲಿಂದ ಒಂದು ಅಡ್ಡಗೆರೆ, ಒಂದು ಸ್ಪರ್ಶಗೆರೆ ಎಳೆಯಿರಿ. ಎರಡರ ನಡುವಿನ ಕೋನವನ್ನು ಸಮನಾಗಿ ಸೀಳುವ ಗೆರೆ ಎಳೆಯಿರಿ. ಕೆಳಗಿನ ನೇರ ಭಾಗವನ್ನು ಹಿಂದಕ್ಕೆ ಬೆಳೆಸಿ. ಎರಡೂ ಸೇರುವ ಕಡೆಯ ಒತ್ತಡವೇ ಉತ್ತರ. ಅತಿ ಜಾಸ್ತಿ ಬಾಗಿದ ಬಿಂದು ಎಲ್ಲಿ ಎಂಬುದರಲ್ಲಿ ಇಬ್ಬರ ಕಣ್ಣು ಒಪ್ಪುವುದು ಕಷ್ಟ. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಮತ್ತು ಸಂಗಡಿಗರು 1991ರಲ್ಲಿ ಸರಳ ದಾರಿ ತೋರಿಸಿದರು. ವಾಯ್ಡ್ ರೇಶಿಯೋಗೆ 1 ಸೇರಿಸಿ ಅದರ ಲಾಗ್ ತೆಗೆದುಕೊಂಡು ಒತ್ತಡದ ಲಾಗ್ ಎದುರು ಹಾಕಿದರೆ ಎರಡು ನೇರ ಗೆರೆಗಳು ಬರುತ್ತವೆ. ಅವು ಕೂಡುವ ಬಿಂದು ಸಾಕು. ಎರಡೂ ವಿಧಾನ ಮಾಡಿ ನೋಡಿ ಅನ್ನುತ್ತೇನೆ.

ಬಾಗು ಎಲ್ಲೂ ಕಾಣದೆ, ಗೆರೆ ಮೊದಲಿಂದ ಕೊನೆವರೆಗೆ ಮೆಲ್ಲಗೆ ಇಳಿದಿದ್ದರೆ ಸ್ಯಾಂಪಲ್ ಕಲಕಿದೆ ಎಂದು ಅನುಮಾನಿಸಿ. 1ನೇ ಹಂತದಲ್ಲಿ ಹೇಳಿದ ನೆನಪು ಅಳಿಸಿಹೋಗುವುದು ಅಂದರೆ ಇದೇ.

ಹಂತ 7: ಸಿವಿ ತೆಗೆಯುವುದು

ನಮ್ಮ ಉದಾಹರಣೆಯಲ್ಲಿ 6 ಮೀಟರ್ ದಪ್ಪದ ಜೇಡಿಯ ಮೇಲೆ 2 ಮೀಟರ್ ಎತ್ತರದ ದಿಬ್ಬ ಬರುತ್ತದೆ, ಅದರ ಭಾರ 36 ಕಿಲೋಪಾಸ್ಕಲ್. ಜೇಡಿಯ ನಡುವಿನಲ್ಲಿ ಈಗ ಎಫೆಕ್ಟಿವ್ ಸ್ಟ್ರೆಸ್ 16.2 ಕಿಲೋಪಾಸ್ಕಲ್ ಇದೆ, ದಿಬ್ಬ ಬಂದ ಮೇಲೆ 52.2 ಆಗುತ್ತದೆ. ಹಾಗಾಗಿ 25ರಿಂದ 50ಕ್ಕೆ ಏರಿಸಿದ ಹಂತದ ರೀಡಿಂಗ್ ನಮಗೆ ಬೇಕಾದದ್ದು. 400–800 ಹಂತದ ಸಿವಿ ಇಲ್ಲಿ ತಂದು ಹಾಕಬೇಡಿ. ಇಂಥ ರಿಪೋರ್ಟ್‌ಗಳು ಇರುತ್ತವೆ, ಎಲ್ಲ ಹಂತದ ಸರಾಸರಿ ಹಾಕಿದವೂ ಇರುತ್ತವೆ.

ಟೇಲರ್ ವಿಧಾನದಲ್ಲಿ ಡಯಲ್ ರೀಡಿಂಗನ್ನು ಕಾಲದ ವರ್ಗಮೂಲದ ಎದುರು ಹಾಕಬೇಕು. ಮೊದಲ ಭಾಗ ನೇರವಾಗಿರುತ್ತದೆ. ಅದನ್ನು ಹಿಂದಕ್ಕೆ ಬೆಳೆಸಿದರೆ ನಿಜವಾದ ಶುರು ಸಿಗುತ್ತದೆ. ಅಲ್ಲಿಂದ, ಎಲ್ಲ ಕಡೆ ಅಡ್ಡ ಅಳತೆ 1.15 ಪಟ್ಟು ಇರುವ ಇನ್ನೊಂದು ನೇರ ಗೆರೆ ಎಳೆಯಿರಿ. ಅದು ಕರ್ವ್ ಅನ್ನು ಕಡಿಯುವ ಕಡೆ 90 ಶೇಕಡಾ ಮುಗಿದಿರುತ್ತದೆ. ನಮ್ಮ ಗ್ರಾಫ್‌ನಲ್ಲಿ ಅದು ವರ್ಗಮೂಲ 6ರಲ್ಲಿ ಸಿಕ್ಕಿತು ಅಂದುಕೊಳ್ಳಿ. ಅಂದರೆ 36 ನಿಮಿಷ.

ಈಗ ದಾರಿಯ ಉದ್ದ. ಹಂತದ ಶುರುವಲ್ಲಿ ಸ್ಯಾಂಪಲ್ 19.13 ಮಿ.ಮೀ. ಇತ್ತು, ಕೊನೆಗೆ 17.72. ಸರಾಸರಿ 18.43. ಎರಡೂ ಕಡೆ ಕಲ್ಲಿರುವುದರಿಂದ ಅರ್ಧ, 9.21 ಮಿ.ಮೀ.

ಸಿವಿ = 0.848 × 9.21² ÷ 36 = 2.0 ಚದರ ಮಿ.ಮೀ. ಪ್ರತಿ ನಿಮಿಷ

0.5256ರಿಂದ ಗುಣಿಸಿದರೆ ವರ್ಷಕ್ಕೆ 1.05 ಚದರ ಮೀಟರ್. ಸರಾಸರಿ ಎತ್ತರ ಬಿಟ್ಟು ಮೊದಲಿನ 20 ಮಿ.ಮೀ. ಹಾಕಿದ್ದರೆ 1.24 ಬರುತ್ತಿತ್ತು. ಅಷ್ಟು ತಪ್ಪು ಒಂದೇ ಸಣ್ಣ ಅಸಡ್ಡೆಯಿಂದ.

ಕಾಸಾಗ್ರಾಂಡೆಯ ಲಾಗ್ ವಿಧಾನದಲ್ಲಿ ಕಾಲದ ಲಾಗ್ ಹಾಕಿ, ನಡುವಿನ ಕಡಿದಾದ ಗೆರೆ ಮತ್ತು ಕೊನೆಯ ಚಪ್ಪಟೆ ಗೆರೆ ಕೂಡುವಲ್ಲಿ 100 ಶೇಕಡಾ ಗುರುತಿಸಿ, 50 ಶೇಕಡಾದ ಕಾಲಕ್ಕೆ 0.197 ಬಳಸಬೇಕು. ಸಿದ್ಧಾಂತದಂತೆ ನಡೆದರೆ ನಮ್ಮ ಉದಾಹರಣೆಗೆ ಸುಮಾರು 8 ನಿಮಿಷ ಬರಬೇಕು. ನಿಜವಾದ ಮಣ್ಣಿನಲ್ಲಿ ಎರಡೂ ಒಂದೇ ಉತ್ತರ ಕೊಡುವುದು ಅಪರೂಪ, ಟೇಲರ್ ಉತ್ತರ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಕಣ್ಣಂದಾಜು ಬೇಡ ಅನ್ನುವವರಿಗೆ ಶ್ರೀಧರನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕೊಟ್ಟ ರೆಕ್ಟ್ಯಾಂಗ್ಯುಲರ್ ಹೈಪರ್ಬೋಲಾ ವಿಧಾನ ಇದೆ. ಕಾಲವನ್ನು ಕುಗ್ಗಿದ ಅಳತೆಯಿಂದ ಭಾಗಿಸಿ, ಅದನ್ನು ಕಾಲದ ಎದುರು ಹಾಕಿ. 60ರಿಂದ 90 ಶೇಕಡಾ ನಡುವೆ ನೇರ ಗೆರೆ ಬರುತ್ತದೆ. ಅದರ ಇಳಿಜಾರನ್ನು ಅದು ನಿಲುವಕ್ಷ ಕಡಿಯುವ ಅಳತೆಯಿಂದ ಭಾಗಿಸಿ, ದಾರಿಯ ವರ್ಗ ಮತ್ತು 0.3ರಿಂದ ಗುಣಿಸಿದರೆ ಸಿವಿ. ಎಕ್ಸೆಲ್‌ನಲ್ಲಿ ಐದು ನಿಮಿಷದ ಕೆಲಸ.

ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲಿನ ಕೆಳಗೆ ಸಿಗುವ ಶೇಡಿ ಮಣ್ಣಿನಲ್ಲಿ ಈ ಹಂತ ಕೈಕೊಡಬಹುದು. ಅದರಲ್ಲಿ ಹೂಳಿನಂಶ ಜಾಸ್ತಿ, ನೀರು ಬೇಗ ಬಿಡುತ್ತದೆ. ಮೊದಲ ರೀಡಿಂಗ್ ಹೊತ್ತಿಗೇ ಬಹುಪಾಲು ಮುಗಿದಿದ್ದರೆ ಗೆರೆ ಎಳೆಯಲು ಏನೂ ಉಳಿಯದು. ಅಲ್ಲಿ ಸಿವಿಗಾಗಿ ಒದ್ದಾಡುವ ಅಗತ್ಯವೂ ಇಲ್ಲ. ಶೇಡಿಯ ದೊಡ್ಡ ತೊಂದರೆ ಒದ್ದೆಯಾದಾಗ ಬಲ ಕಳೆದುಕೊಂಡು ಕೊಚ್ಚಿಹೋಗುವುದು.

ಹಂತ 8: ಎಷ್ಟು ಕೂರುತ್ತದೆ?

ಜೇಡಿ ಪದರ 6 ಮೀಟರ್. ನೀರಿನ ಮಟ್ಟ ನೆಲದ ಮಟ್ಟದಲ್ಲೇ ಇದೆ. ಹಿಂದೆ ಜಾಸ್ತಿ ಭಾರ ಹೊತ್ತಿಲ್ಲ ಎಂದು ಇಟ್ಟುಕೊಳ್ಳೋಣ. ಸೂತ್ರ:

ಕೂರುವಿಕೆ = ಸಿಸಿ × ದಪ್ಪ ÷ (1 + ಮೊದಲಿನ ವಾಯ್ಡ್ ರೇಶಿಯೋ) × ಲಾಗ್ (ಕೊನೆಯ ಒತ್ತಡ ÷ ಮೊದಲಿನ ಒತ್ತಡ)

ಇಡೀ ಪದರವನ್ನು ಒಂದೇ ಎಂದು ತೆಗೆದುಕೊಂಡರೆ: 0.7 × 6 ÷ 3 × ಲಾಗ್ (52.2 ÷ 16.2) = 0.71 ಮೀಟರ್.

ಈಗ ಅದೇ ಪದರವನ್ನು 2 ಮೀಟರಿನ ಮೂರು ಭಾಗ ಮಾಡಿ. ನಡುವಿನ ಆಳ 1, 3, 5 ಮೀಟರ್. ಮೊದಲಿನ ಒತ್ತಡ 5.4, 16.2, 27. ಮೂರಕ್ಕೂ 36 ಸೇರಿಸಿ ಲಾಗ್ ತೆಗೆದರೆ 0.885, 0.508, 0.368. ಒಟ್ಟು ಕೂರುವಿಕೆ 0.82 ಮೀಟರ್. ಮಣ್ಣು ಅದೇ, ದಿಬ್ಬ ಅದೇ, 11 ಸೆಂ.ಮೀ. ವ್ಯತ್ಯಾಸ. ಮೇಲಿನ ಪದರದಲ್ಲಿ ಮೊದಲಿನ ಒತ್ತಡ ಕಡಿಮೆ, ಹಾಗಾಗಿ ಹೊಸ ಭಾರದ ಏಟು ಅಲ್ಲೇ ಜಾಸ್ತಿ. ದಪ್ಪ ಪದರವನ್ನು ಯಾವತ್ತೂ ಹೋಳು ಮಾಡಿ ಲೆಕ್ಕ ಹಾಕಿ. ಮೇಲೆ ಒಣಗಿ ಗಟ್ಟಿಯಾದ ಪದರ ಇದ್ದರೆ ಅದಕ್ಕೆ 6ನೇ ಹಂತದ ಮಿತಿ ನೋಡಿ ಬೇರೆ ಲೆಕ್ಕ ಮಾಡಿ.

ಕಟ್ಟಡವಾದರೆ ಇಷ್ಟೆಲ್ಲ ಕೂರಲು ಬಿಡುವ ಮಾತೇ ಇಲ್ಲ. ಐಎಸ್ 1904 ಪ್ರಕಾರ ಆರ್‌ಸಿಸಿ ಕಟ್ಟಡದ ಬಿಡಿ ಫೂಟಿಂಗ್‌ಗೆ ಮೆತ್ತನೆ ಜೇಡಿಯಲ್ಲಿ 75 ಮಿ.ಮೀ. ಮಿತಿ.

ಹಂತ 9: ಎಷ್ಟು ಕಾಲ?

ಮೇಲೂ ಕೆಳಗೂ ಮರಳು ಇದ್ದರೆ ದಾರಿ 3 ಮೀಟರ್. 90 ಶೇಕಡಾಕ್ಕೆ 0.848 × 9 ÷ 1.05, ಸುಮಾರು 7.3 ವರ್ಷ. ಕೆಳಗೆ ಮರಳಿಲ್ಲ, ನೀರು ಬಿಡದ ಗಟ್ಟಿ ಪದರ ಇದೆ ಅಂದರೆ ದಾರಿ 6 ಮೀಟರ್, ಕಾಲ 29 ವರ್ಷ. ಬೋರ್‌ಹೋಲನ್ನು ಇನ್ನೂ ಒಂದು ಮೀಟರ್ ಆಳಕ್ಕೆ ಇಳಿಸದೆ ನಿಲ್ಲಿಸಿದ್ದಕ್ಕೆ 22 ವರ್ಷದ ಅನುಮಾನ ಉಳಿಯಬಹುದು. ನಡುವೆ ಮರಳಿನ ಎಳೆ ಇದ್ದರೆ ಇನ್ನೂ ಬೇಗ ಮುಗಿಯುತ್ತದೆ.

ನೀರಿನ ಒತ್ತಡ ಇಳಿದ ಮೇಲೂ ಜೇಡಿ ನಿಧಾನವಾಗಿ ಕೂರುತ್ತಲೇ ಇರುತ್ತದೆ. ಇದು ಸೆಕೆಂಡರಿ ಕಂಪ್ರೆಷನ್. ಕೊಳೆತ ಸಸ್ಯಾಂಶ ಇಲ್ಲದ ಜೇಡಿಗೆ ಇದರ ಇಂಡೆಕ್ಸ್ ಸಿಸಿಯ ಸುಮಾರು 4 ಶೇಕಡಾ ಎಂದು ಮೆಸ್ರಿ ಮತ್ತವರ ಸಂಗಡಿಗರು ತೋರಿಸಿದ್ದಾರೆ. ನಮ್ಮಲ್ಲಿ 0.028. 7ನೇ ವರ್ಷದಿಂದ 30ನೇ ವರ್ಷದವರೆಗೆ ಇನ್ನೂ 3.5 ಸೆಂ.ಮೀ. ಸಸ್ಯಾಂಶ ಜಾಸ್ತಿ ಇರುವ ಕಪ್ಪು ಕೆಸರಿನಲ್ಲಿ ಈ ಪಾಲು ಹೆಚ್ಚು, ಕಡೆಗಣಿಸುವ ಹಾಗಿಲ್ಲ.

ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣ ಸಮುದ್ರ ತುಂಬಿಸಿ ಮಾಡಿದ ದ್ವೀಪದ ಮೇಲಿದೆ, 1994ರಲ್ಲಿ ತೆರೆಯಿತು. ಮೇಲಿನ ಮೆತ್ತನೆ ಜೇಡಿಗೆ ಮರಳಿನ ಡ್ರೇನ್, ಅಂದರೆ ನೀರು ಹೊರಬರಲು ನೆಟ್ಟಗೆ ಇಳಿಸಿದ ಮರಳಿನ ಕಂಬಗಳನ್ನು, ಹಾಕಿ ಬೇಗ ಕೂರಿಸಿದರು. ಅದರ ಕೆಳಗಿನ ಹಳೆಯ ಆಳದ ಜೇಡಿಗೆ ಡ್ರೇನ್ ಮುಟ್ಟಲಿಲ್ಲ. ಅದು ನಿಲ್ದಾಣ ತೆರೆದ ಮೇಲೂ ದಶಕಗಳ ಕಾಲ ಕೂರುತ್ತಲೇ ಬಂದಿದೆ. ನಿಮ್ಮ ಭಾರ ಅಗಲವಾದಷ್ಟೂ ಅದರ ಪ್ರಭಾವ ಹೆಚ್ಚು ಆಳಕ್ಕೆ ಹೋಗುತ್ತದೆ ಎಂಬುದನ್ನು ಬೋರಿಂಗ್ ಆಳ ನಿರ್ಧರಿಸುವಾಗಲೇ ಯೋಚಿಸಬೇಕು.

ಹಂತ 10: ಕಾಯಲಾಗದಿದ್ದರೆ

7 ವರ್ಷ ಯಾರೂ ಕಾಯುವುದಿಲ್ಲ. ಒಂದು ದಾರಿ ಜಾಸ್ತಿ ಭಾರ ಹಾಕುವುದು. ದಿಬ್ಬದ ಮೇಲೆ ಇನ್ನೊಂದು ಮೀಟರ್ ಮಣ್ಣು ತಾತ್ಕಾಲಿಕವಾಗಿ ಪೇರಿಸಿದರೆ, ಒಂದೇ ಪದರದ ಲೆಕ್ಕದಲ್ಲಿ ಒಟ್ಟು ಕೂರುವಿಕೆ 0.89 ಮೀಟರ್ ಆಗುತ್ತದೆ. ಅದರಲ್ಲಿ 80 ಶೇಕಡಾ ಆದಾಗ ನಮಗೆ ಬೇಕಾದ 0.71 ಮುಗಿದಿರುತ್ತದೆ. ಅದಕ್ಕೂ 4.9 ವರ್ಷ ಬೇಕು. ಸಾಲದು ಅಲ್ವಾ? ಇನ್ನೂ ಎತ್ತರ ಪೇರಿಸಿದರೆ ಮೆತ್ತನೆ ಜೇಡಿ ಪಕ್ಕಕ್ಕೆ ಜಾರಿ ದಿಬ್ಬವೇ ಬೀಳುವ ಅಪಾಯ.

ಆದ್ದರಿಂದ ನೀರಿನ ದಾರಿಯನ್ನೇ ಚಿಕ್ಕದು ಮಾಡುತ್ತಾರೆ. ಪಿವಿಡಿ (ಪ್ರೀಫ್ಯಾಬ್ರಿಕೇಟೆಡ್ ವರ್ಟಿಕಲ್ ಡ್ರೇನ್) ಎನ್ನುವ, ನೀರು ಸಾಗಿಸುವ ಪ್ಲಾಸ್ಟಿಕ್ ಪಟ್ಟಿಗಳನ್ನು, ಸುಮಾರು 100 ಮಿ.ಮೀ. ಅಗಲದವು, ಜೇಡಿಯೊಳಗೆ ನೆಟ್ಟಗೆ ಚುಚ್ಚುತ್ತಾರೆ. ನೀರು ಈಗ ಪಕ್ಕಕ್ಕೆ ಅರ್ಧ ಮುಕ್ಕಾಲು ಮೀಟರ್ ಹೋದರೆ ಸಾಕು. ತ್ರಿಕೋನ ಜೋಡಣೆಯಲ್ಲಿ 1.2 ಮೀಟರ್ ಅಂತರಕ್ಕೆ, ಪಕ್ಕದ ಸಿವಿಯೂ 1.05 ಎಂದೇ ಇಟ್ಟುಕೊಂಡು, ಬ್ಯಾರನ್ 1948ರಲ್ಲಿ ಕೊಟ್ಟ ಸಿದ್ಧಾಂತದಿಂದ ಬಂದ ಸೂತ್ರ ಹಾಕಿದರೆ 90 ಶೇಕಡಾಕ್ಕೆ ಒಂದು ವರ್ಷದೊಳಗೆ. ಚುಚ್ಚುವಾಗ ಪಟ್ಟಿಯ ಸುತ್ತ ಮಣ್ಣು ಕಲಕಿ ನೀರಿಗೆ ಅಡ್ಡವಾಗುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿ ಕಾಲ ಇಟ್ಟುಕೊಳ್ಳಿ. ಅಂತರವನ್ನು ತೀರಾ ಕಡಿಮೆ ಮಾಡಿದರೆ ಕಲಕಿದ ಮಣ್ಣೇ ಜಾಸ್ತಿಯಾಗಿ ಲಾಭ ಹೋಗುತ್ತದೆ.

ಕಡೆಗೆ ಸೈಟ್‌ನಲ್ಲಿ ಅಳೆಯಲೇಬೇಕು. ಮಣ್ಣು ತುಂಬುವ ಮೊದಲೇ ನೆಲ ಎಷ್ಟು ಕೂತಿತೆಂದು ತೋರಿಸುವ ಸೆಟ್ಲ್‌ಮೆಂಟ್ ಪ್ಲೇಟ್ ಇಡಿ. ಜೇಡಿಯ ನಡುವೆ, ಎರಡು ಡ್ರೇನ್‌ಗಳ ನಡುಭಾಗದಲ್ಲಿ, ರಂಧ್ರದ ನೀರಿನ ಒತ್ತಡ ಅಳೆಯುವ ಪಿಯೆಜೋಮೀಟರ್ ಇಡಿ. ಭಾರ ಪೂರ್ತಿಯಾದ ಮೇಲೆ ಸಮ ಅಂತರದ ದಿನಗಳಲ್ಲಿ ತೆಗೆದ ರೀಡಿಂಗ್‌ಗಳಲ್ಲಿ, ಹಿಂದಿನದರ ಎದುರು ಇಂದಿನದನ್ನು ಹಾಕಿದರೆ ನೇರ ಗೆರೆ ಬರುತ್ತದೆ. ಅದು 45 ಡಿಗ್ರಿ ಗೆರೆಯನ್ನು ಮುಟ್ಟುವಲ್ಲಿ ಕೊನೆಯ ಕೂರುವಿಕೆ ಸಿಗುತ್ತದೆ. ಅಸಾವೊಕಾ 1978ರಲ್ಲಿ ಕೊಟ್ಟ ಈ ವಿಧಾನಕ್ಕೆ ಸಿವಿಯೂ ಬೇಡ, ಬೋರ್‌ಲಾಗೂ ಬೇಡ. ಪ್ಲೇಟ್ ನಿಂತಂತೆ ಕಂಡರೂ ಪಿಯೆಜೋಮೀಟರ್ ಇನ್ನೂ ಜಾಸ್ತಿ ಒತ್ತಡ ತೋರಿಸುತ್ತಿದ್ದರೆ ಮೇಲಿನ ಹೆಚ್ಚುವರಿ ಮಣ್ಣು ತೆಗೆಯಬೇಡಿ, ಟಾರು ಹಾಕಲು ಒಪ್ಪಿಗೆ ಕೊಡಬೇಡಿ.